ಕಡೆಯ ಪಂಕ್ತಿ: ಗಡಿನಾಡಿನ ಗೃಹಜೀವನವನ್ನು ಕುರಿತು



ದತ್ತಿ ಉಪನ್ಯಾಸಗಳಿಗೆ ರಾಜವಂಶಗಳನ್ನೋ ಶಾಸನಗಳನ್ನೋ ಕವಿಗಳನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಈ ಸೀಮೆಯಲ್ಲಿ ಅಂಥ ವಿಷಯಗಳಿಗೆ ಬರವೂ ಇಲ್ಲ. ಆದರೆ ಹೊತ್ತು ಮೂಡುವುದಕ್ಕೆ ಮೊದಲೆದ್ದು ಹೊತ್ತು ಮುಳುಗಿದ ಬಳಿಕವೂ ಇಲ್ಲಿಯ ಜನರು ನಡೆಯಿಸುವ ಬಹುದೊಡ್ಡ ವ್ಯವಹಾರವೊಂದಕ್ಕೆ ಶಾಸನವೂ ಇಲ್ಲ, ದಫ್ತರವೂ ಇಲ್ಲ. ಅದು ಮನೆಯ ಸಂಸಾರ. ಅದನ್ನೇ ಈ ಸಾಯಂಕಾಲದ ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಏಕತ್ರ ಕುಟುಂಬ ಒಡೆಯಿತು, ಅಣ್ಣತಮ್ಮಂದಿರು ಬೇರೆಯಾದರು, ಹಳೆಯ ಸಂಸ್ಕೃತಿ ಹಾಳಾಯಿತು ಎಂಬ ವಿಲಾಪವನ್ನು ನಮ್ಮ ಸಭೆಗಳಲ್ಲಿ ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಒಲೆಗಳು ಎಷ್ಟಾದುವು ಎಂದು ಎಣಿಸುವುದರಿಂದ ಮನೆಯ ಯೋಗ್ಯತೆ ತಿಳಿಯಲಾರದು. ಆ ಮನೆಯಲ್ಲಿ ಎಲ್ಲರ ತರುವಾಯ ಉಣ್ಣುವವರು ಯಾರು, ಅವರ ಪಾಲಿಗೆ ಉಳಿದುದೇನು ಎಂದು ಕೇಳಿದರೆ ತಿಳಿದೀತು ಎಂಬುದು ನನ್ನ ಪ್ರತಿಪಾದನೆ.

ಮೊದಲು ಈ ನೆಲದ ಸ್ವರೂಪವನ್ನು ನೆನೆಯಬೇಕು. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಹರಿದು ಬರುವ ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ರಾಯಬಾಗವು ಅದಕ್ಕೂ ಹಿಂದೆ ಕೊಲ್ಹಾಪುರ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಮುಂದೆ ಗಡಿಯ ವಿವಾದವನ್ನು ಕುರಿತು ಮಹಾಜನ ಆಯೋಗ 1967ರಲ್ಲಿ ವರದಿಯಿತ್ತಿತು. ಗಡಿಯ ವ್ಯಾಜ್ಯ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಈ ವಾದಪ್ರತಿವಾದಗಳು ನಡೆದಿರುವಾಗಲೇ ನಮ್ಮ ಮನೆಗಳು ಮಿರಜ, ಇಚಲಕರಂಜಿ, ಜತ್ತ, ಗಡಹಿಂಗ್ಲಜಗಳಿಂದ ಸೊಸೆಯರನ್ನು ತಂದುವು, ಆ ಊರುಗಳಿಗೆ ಹೆಣ್ಣುಮಕ್ಕಳನ್ನು ಕೊಟ್ಟುವು. ಒಂದೇ ಪಡಸಾಲೆಯಲ್ಲಿ ಒಬ್ಬರು ಅವ್ವ ಎಂದು ಕೂಗಿದರೆ ಇನ್ನೊಬ್ಬರು ಆಯಿ ಎಂದು ಕೂಗುವರು. ಕಾಕಾ, ಕಾಕು, ಮಾವಶಿ, ವೈನಿ ಎಂಬ ಸಂಬೋಧನೆಗಳು ಕನ್ನಡ ಮನೆಯವೋ ಮರಾಠಿ ಮನೆಯವೋ ಎಂದು ಇಲ್ಲಿಯ ಮಗು ವಿಂಗಡಿಸಿ ನೋಡುವುದಿಲ್ಲ.

ಎರಡು ನುಡಿಗಳ ಮನೆಗಳು ಹೀಗೆ ಬೆರೆತರೂ ಹೆಣ್ಣು ತರುವ ರೀತಿಯಲ್ಲಿ ಅವುಗಳೊಳಗೆ ಭೇದವಿದ್ದಿತು. ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು 1953ರಲ್ಲಿ ಗ್ರಂಥ ಪ್ರಕಟಿಸಿದ ವಿದುಷಿ ಇರಾವತಿ ಕರ್ವೆಯವರು ಉತ್ತರ ದಕ್ಷಿಣಗಳ ರೂಢಿಗಳು ಸಂಧಿಸುವ ಈ ಪ್ರದೇಶವನ್ನು ವಿಶೇಷವಾಗಿ ಗಮನಿಸಿದ್ದರು. ಮರಾಠಿ ಮನೆಗಳಲ್ಲಿ ಸೋದರಮಾವನ ಮಗಳನ್ನು ತರುವುದು ಮಾನ್ಯವಾಗಿದ್ದರೆ, ಕನ್ನಡ ಮನೆಗಳಲ್ಲಿ ಅತ್ತೆಯ ಮಗಳನ್ನೂ ಸ್ವಂತ ಅಕ್ಕನ ಮಗಳನ್ನೂ ತರುವುದು ಮಾನ್ಯವಾಗಿತ್ತು. ಅಕ್ಕನ ಮಗಳು ಸೊಸೆಯಾಗಿ ಬಂದ ಮನೆಯಲ್ಲಿ ಅತ್ತೆಯೆಂದರೆ ಆಕೆಯ ತಾಯಿಯ ತಾಯಿ. ತೊಡೆಯ ಮೇಲೆ ಆಡಿಸಿದ ಅಜ್ಜಿಯ ಮುಂದೆಯೇ ಆಕೆ ಒಲೆ ಹಚ್ಚಬೇಕು. ಈ ರಕ್ತಸಂಬಂಧ ಎಷ್ಟೋ ಹೆಣ್ಣುಮಕ್ಕಳಿಗೆ ನೆರಳಾಯಿತೆಂಬುದು ಸತ್ಯ. ವಿದ್ಯೆಯೂ ವೈದ್ಯರ ಎಚ್ಚರಿಕೆಯೂ ಹಬ್ಬಿದ ಮೇಲೆ ಇಂಥ ಮದುವೆಗಳು ವಿರಳವಾಗುತ್ತಿವೆ; ಇಂದಿನ ಸೊಸೆ ಬಹುಮಟ್ಟಿಗೆ ಪರಕೀಯ ಮನೆಯಿಂದ, ಪದವಿ ಪಡೆದು, ತನ್ನದೇ ಅಭಿಪ್ರಾಯಗಳೊಡನೆ ಬರುತ್ತಾಳೆ. ಅಜ್ಜಿಯ ಅಂತಃಕರಣ ಹಿಂದೆ ಮಾಡುತ್ತಿದ್ದ ರಕ್ಷಣೆಯನ್ನು ಇಂದು ಮನೆಯ ನ್ಯಾಯಬುದ್ಧಿಯೇ ಮಾಡಬೇಕಾಗಿದೆ. ಅಜ್ಜಿಯೇ ಅತ್ತೆಯಾಗಿದ್ದ ಮನೆಗಳಲ್ಲಿಯೂ ಊಟದ ಪಂಕ್ತಿಯ ಕ್ರಮ ಮಾತ್ರ ಬದಲಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಆ ಕ್ರಮವನ್ನು ಸಮೀಪದಿಂದ ನೋಡೋಣ. ಕೃಷ್ಣೆಯ ದಂಡೆಯ ಯಾವುದೇ ಒಕ್ಕಲುಮನೆಯಾಗಲಿ. ಬಾಗಿಲ ಹೊರಗೆ ಕಟ್ಟೆ, ಒಳಗೆ ದನಗಳ ಗ್ವಾದಲಿ, ಮೇಲೆ ಪಡಸಾಲೆ, ಅದರಾಚೆ ದೇವರ ಕೋಣೆ, ಕಡೆಗೆ ಬೆಳಕಿಂಡಿಯಿಂದ ಹೊಗೆ ಏಳುವ ಅಡಿಗೆಮನೆ. ಹೊಲದಿಂದ ಬಂದ ಗಂಡಸರು ಕೈಕಾಲು ತೊಳೆದು ಮೊದಲ ಪಂಕ್ತಿಗೆ ಕೂಡುವರು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು ಅವರ ತಾಟಿಗೆ ಬೀಳುವುವು. ಎರಡನೆಯ ಪಂಕ್ತಿ ಮಕ್ಕಳದು, ಮೂರನೆಯದು ಅತ್ತೆಯದು, ಮದುವೆಯಾದ ಮಗಳು ತವರಿಗೆ ಬಂದಿದ್ದರೆ ಅವಳದೂ ಅದೇ. ಎಲ್ಲರೂ ಕೈ ತೊಳೆದ ಮೇಲೆ ಕಿರಿಯ ಸೊಸೆ ಒಲೆಯ ಕೆಂಡ ಕೆದರಿ ಕೂಡುವಳು. ಆ ಹೊತ್ತಿಗೆ ರೊಟ್ಟಿಯ ಬುಟ್ಟಿಯಲ್ಲಿ ತಣ್ಣಗಾದ ಒಂದೋ ಎರಡೋ ರೊಟ್ಟಿ ಇದ್ದಾವು, ಪಲ್ಯದ ಪಾತ್ರೆಯ ತಳದಲ್ಲಿ ಅಂಟಿಕೊಂಡದ್ದು ಇದ್ದೀತು. ಮೊಸರಿನ ಗಡಿಗೆ ಬರಿದಾಗಿರುತ್ತದೆ. “ನೀ ಯಾವಾಗ ಉಣ್ಣಾಕಿ ತಂಗಿ?” ಎಂದು ನೆರೆಮನೆಯಾಕೆ ಕೇಳಿದರೆ, “ಅವ್ರ ಎಲ್ಲಾರೂ ಉಣ್ಲಿ ತಗೋರಿ ವೈನಿ, ನಂದೇನ ಅವಸರ ಐತಿ” ಎಂಬ ಉತ್ತರ. ಈ ಉತ್ತರವನ್ನು ಕೇಳದೆ ಬೆಳೆದವರು ಈ ಸಭೆಯಲ್ಲಿ ಯಾರೂ ಇರಲಾರರು. ಅದನ್ನು ನಾವು ಸೌಜನ್ಯವೆಂದು ತಿಳಿದೆವು, ಕುಲೀನತೆಯೆಂದು ಹೊಗಳಿದೆವು. ಹೊಗಳಿಕೆಯ ಫಲವನ್ನು ವೈದ್ಯಶಾಸ್ತ್ರ ಬೇರೆ ಲೆಕ್ಕದಲ್ಲಿ ಬರೆದಿಟ್ಟಿದೆ: 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 47.8 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ತಳ ಕೆರೆದು ಉಣ್ಣುವ ಊಟ ಅವುಗಳಲ್ಲಿ ಒಂದಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಈ ಸೀಮೆಯ ಒಕ್ಕಲು ಸಂಸಾರವನ್ನು ಒಳಗಿನಿಂದ ಕಂಡು ಬರೆದ ಹಿರಿಯರು ನಮಗಿದ್ದರು. ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಇಲ್ಲಿಯ ಹಳ್ಳಿಯ ಜೀವನವನ್ನು ಇಲ್ಲಿಯದೇ ಆಡುನುಡಿಯಲ್ಲಿ ಚಿತ್ರಿಸಿ, ಅರಮನೆ ಆಸ್ಥಾನಗಳಿಗೆ ಸಲ್ಲುವ ಗಾಂಭೀರ್ಯ ಅಡಿಗೆಮನೆ ಅಂಗಳಗಳಿಗೂ ಸಲ್ಲುವುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟರು. ಇಂದು ನಾನು ಆಡುತ್ತಿರುವ ಮಾತುಗಳಿಗೆ ಅಂಥವರ ಸಾಹಿತ್ಯವೇ ಆಧಾರ.

ಇದೇ ಸೀಮೆ ತ್ಯಾಗಿಗಳ ತವರೂ ಹೌದು. ಭೋಜ ಗ್ರಾಮದ ಶಾಂತಿಸಾಗರ ಮಹಾರಾಜರು, ಶೇಡಬಾಳದ ವಿದ್ಯಾನಂದ ಮುನಿಗಳು, 1946ರಲ್ಲಿ ಸದಲಗಾದಲ್ಲಿ ಜನಿಸಿ 2024ರಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರರು, ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು ಇವರೆಲ್ಲರ ಹೆಸರನ್ನು ಕೈಮುಗಿದೇ ಉಚ್ಚರಿಸುವ ಜನ ನಾವು. ದಿಗಂಬರ ಮುನಿ ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಅಂಗೈಯಲ್ಲಿ ಆಹಾರ ಸ್ವೀಕರಿಸುವಾಗ ಊರೇ ಭಕ್ತಿಯಿಂದ ನೆರೆಯುತ್ತದೆ. ಅದೇ ಊರಿನ ಅಡಿಗೆಮನೆಗಳಲ್ಲಿ ಒಂದೇ ಹೊತ್ತು ಸರಿಯಾಗಿ ಉಣ್ಣುವ, ನಿಂತುಕೊಂಡೇ ನಾಲ್ಕು ತುತ್ತು ನುಂಗುವ ತಾಯಂದಿರು ಮನೆಮನೆಗೂ ಇದ್ದರು. ಅವರ ಮುಂದೆ ಯಾರೂ ಕೈಮುಗಿಯಲಿಲ್ಲ. ಈ ಎರಡು ಉಪವಾಸಗಳೂ ಒಂದೇ ಎಂದು ಹೇಳುವ ಅಪಚಾರವನ್ನು ನಾನು ಮಾಡಲಾರೆ. ಮುನಿಯ ವ್ರತಕ್ಕೆ ಸಂಕಲ್ಪವುಂಟು, ದೀಕ್ಷೆಯುಂಟು, ತಾನೇ ಬಯಸಿ ಬಿಟ್ಟೆನೆಂಬ ಸ್ವಾತಂತ್ರ್ಯವುಂಟು; ಸೊಸೆಯ ಉಪವಾಸಕ್ಕೆ ಇವಾವುವೂ ಇಲ್ಲ. ಬೇರೊಬ್ಬರು ಹೊರಿಸಿದುದನ್ನು ತ್ಯಾಗವೆಂದು ಕರೆದರೆ ನಿಜವಾದ ತ್ಯಾಗಿಗಳಿಗೂ ಅವಮಾನ, ಹೊತ್ತವಳಿಗೂ ಅನ್ಯಾಯ.

ಕಾಲ ಬದಲಾಯಿತು. ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ತರುವಾಯ ಸಹಕಾರಿ ಕಾರ್ಖಾನೆಗಳೂ ಬಂದುವು. ನದಿಯ ನೀರು ಏತ ನೀರಾವರಿಯಿಂದ ಹೊಲ ಹತ್ತಿತು. ಜೋಳದ ನೆಲ ಕಬ್ಬಿನ ನೆಲವಾಯಿತು. ವರ್ಷದ ಸಂಸಾರ ಕಬ್ಬಿನ ಬಿಲ್ಲಿನ ದಾರಿ ಕಾಯತೊಡಗಿತು. ಹಿಟ್ಟಿನ ಗಿರಣಿ ಬೀಸುವ ಕಲ್ಲನ್ನು ಮೂಲೆಗೆ ಸರಿಸಿತು, ಅದರೊಡನೆ ಬೀಸುವ ಪದಗಳೂ ಸರಿದುವು. ಗ್ಯಾಸಿನ ಒಲೆ ಕಣ್ಣಿನ ಹೊಗೆಯನ್ನು ಕಳೆಯಿತು, ಮಿಕ್ಸರು ಒಳಕಲ್ಲಿನ ಕೆಲಸ ಮಾಡಿತು, ನಳ ಮನೆಯೊಳಗೆ ಬಂದಿತು. ಇವು ಅಲ್ಪವಾದ ಉಪಕಾರಗಳಲ್ಲ. ಬೀಸುವ ಪದಗಳ ಮಾಧುರ್ಯಕ್ಕಾಗಿ ಬೀಸುವ ಕಲ್ಲೇ ಇರಬೇಕಾಗಿತ್ತೆಂದು ಹಂಬಲಿಸುವವರು ಒಂದು ಸೇರು ಜೋಳವನ್ನು ಬೀಸಿ ನೋಡಬೇಕು. ಆದರೆ ಯಂತ್ರ ಉಳಿಸಿದ ಹೊತ್ತು ಹೆಂಗಸಿನ ಕೈಗೆ ಬಂದಿತೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಬೆಳಿಗ್ಗೆ ಎಮ್ಮೆ ಹಿಂಡಿ ಡೇರಿಗೆ ಹಾಲು ಕಳಿಸುವುದು, ಶಾಲೆಯ ಬಸ್ಸಿಗೆ ಮುಂಚೆ ಮಕ್ಕಳ ಡಬ್ಬಿ ಕಟ್ಟುವುದು, ಸಂಜೆ ಅವರ ಅಭ್ಯಾಸ ನೋಡುವುದು, ಸ್ವಸಹಾಯ ಸಂಘದ ಕಂತು ತುಂಬುವುದು, ನೌಕರಿಯಿದ್ದರೆ ನೌಕರಿ, ಹೊಲವಿದ್ದರೆ ಕಳೆ ತೆಗೆಯುವುದು ಇವೆಲ್ಲವೂ ಆ ಉಳಿದ ಹೊತ್ತಿನೊಳಗೆ ಬಂದು ಸೇರಿಕೊಂಡುವು. 2019ರಲ್ಲಿ ಕೇಂದ್ರದ ಸಾಂಖ್ಯಿಕ ಕಚೇರಿ ದೇಶದಲ್ಲೆಲ್ಲ ನಡೆಯಿಸಿದ ಸಮೀಕ್ಷೆಯಲ್ಲಿ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುವರೆಂದೂ ಗಂಡಸರು 97 ನಿಮಿಷವೆಂದೂ ಕಂಡುಬಂದಿತು. ಹಾಗೆ ತೊಡಗಿದ ಗಂಡಸರಾದರೂ ನೂರಕ್ಕೆ 26 ಮಾತ್ರ.

ಹೆಂಗಸಿನ ದುಡಿಮೆ ಮನೆಯ ಹೊಸ್ತಿಲು ದಾಟಿದಾಗಲೂ ಲೆಕ್ಕದಿಂದ ತಪ್ಪಿಹೋಗುತ್ತದೆಂಬುದಕ್ಕೆ ನಿಪ್ಪಾಣಿಯೇ ನಿದರ್ಶನ. ನಿಪ್ಪಾಣಿಯ ಹೆಸರನ್ನು ದೂರದೂರಕ್ಕೆ ಒಯ್ದುದು ತಂಬಾಕು. ರೈತ ನಾಯಕ ಶರದ ಜೋಶಿಯವರ ನೇತೃತ್ವದಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು, ಗೋಲಿಬಾರಿನಲ್ಲಿ ಪ್ರಾಣ ತೆತ್ತುದನ್ನು ಈ ಸೀಮೆ ಮರೆತಿಲ್ಲ. ಅದೇ ತಂಬಾಕನ್ನು ವಖಾರಿಗಳಲ್ಲಿ ಕುಟ್ಟಿ ಸೋಸಿ, ಘಾಟಿನಲ್ಲಿ ಕೆಮ್ಮುತ್ತ ದುಡಿದವರು ಹೆಂಗಸರು. ಅವರು ಸಂಘ ಕಟ್ಟಿಕೊಂಡು ಕೂಲಿಗಾಗಿ ಹೋರಾಡಿದ ಬಗೆಯನ್ನು ಯುಗಾಂತರ ಎಂಬ ಮಹಿಳಾ ಚಿತ್ರಬಳಗವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ಉಳಿಸಿಕೊಟ್ಟಿತು. ಇನ್ನೆಷ್ಟೋ ಮನೆಗಳಲ್ಲಿ ಪಡಸಾಲೆಯೇ ಬೀಡಿಯ ಕಾರ್ಖಾನೆಯಾಯಿತು: ಮೊರದಲ್ಲಿ ತಂಬಾಕು, ಮಡಿಲಲ್ಲಿ ಎಲೆ, ಪಕ್ಕದಲ್ಲಿ ತೊಟ್ಟಿಲು. ಕೂತಲ್ಲೇ ಮಾಡುವ ಕೆಲಸವಾದುದರಿಂದ ಅದೂ ಮನೆಗೆಲಸದ ಒಂದು ಭಾಗವೆಂದೇ ಗಂಡಸರು ತಿಳಿದರು. ಬೀಡಿಯನ್ನು ಎಣಿಸಿ ಕಾಸು ಕೊಟ್ಟರು. ಬೀಡಿ ಕಟ್ಟುತ್ತಲೇ ಬೇಯಿಸಿದ ಅನ್ನವನ್ನೂ ಹಾಲೂಡಿಸಿದ ಕೂಸನ್ನೂ ಯಾರು ಎಣಿಸಿದರು?

ಎಣಿಕೆ ಈಚೆಗೆ ಮೆಲ್ಲನೆ ಆರಂಭವಾಗಿದೆ. 2013ರ ಆಹಾರ ಭದ್ರತಾ ಕಾನೂನು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆಯೆಂದು ಬರೆಯಬೇಕೆಂದಿತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಬರತೊಡಗಿತು. ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಜಗಳಗಳು ಕೆಲವು ಮನೆಗಳಲ್ಲಿ ಎದ್ದುವು, ಅದನ್ನು ಹಿಡಿದು ಹಲವರು ನಕ್ಕರು. ನನಗೆ ಅದು ನಗುವ ಸಂಗತಿಯಾಗಿ ತೋರಲಿಲ್ಲ. ತಲೆತಲಾಂತರದಿಂದ ಗಂಡಸಿನ ಹೆಸರಿಗೆ ಮಾತ್ರ ಸಲ್ಲುತ್ತಿದ್ದ ಯಜಮಾನಿಕೆಯನ್ನು ಕುರಿತು ಇಬ್ಬರು ಹೆಂಗಸರು ವಾದಿಸುವಂತಾದುದು ಈ ಪಡಸಾಲೆಗಳ ಚರಿತ್ರೆಯಲ್ಲಿ ಹೊಸ ಅಧ್ಯಾಯ. 2024ರಲ್ಲಿ ರಾಯಬಾಗ ತಾಲ್ಲೂಕಿನ ಒಬ್ಬ ವೃದ್ಧೆ ತನಗೆ ಬಂದ ಆ ಹಣವನ್ನು ಕೂಡಿಟ್ಟು ಊರವರಿಗೆಲ್ಲ ಹೋಳಿಗೆಯ ಊಟ ಹಾಕಿಸಿದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆಯುಷ್ಯವಿಡೀ ಬಡಿಸಿದ ಕೈ ತನ್ನದೇ ಹಣ ದೊರೆತೊಡನೆ ಮಾಡಿದುದೂ ಬಡಿಸುವುದನ್ನೇ. ಆದರೆ ಈ ಸಲ ಆಕೆ ಬಡಿಸಿದುದು ತನ್ನ ಇಚ್ಛೆಯಿಂದ, ತನ್ನ ಹೆಸರಿನಲ್ಲಿ. ದಾನವೆನ್ನುವ ಮಾತು ಇಂಥಲ್ಲಿ ಸಲ್ಲುತ್ತದೆ.

ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಪ್ರಸಂಗ ನ್ಯಾಯಾಲಯಗಳಿಗೂ ಬಂದಿದೆ. 1989ರಲ್ಲಿ ಜಮ್‌ಶೇಡ್‌ಪುರದಲ್ಲಿ ನಡೆದ ಅಗ್ನಿದುರಂತದಲ್ಲಿ ಮಡಿದವರ ಪರಿಹಾರವನ್ನು ಗೊತ್ತುಪಡಿಸುವಾಗ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3000 ರೂಪಾಯಿ ಎಂದು ಎಣಿಸಿತು. ಆ ಮೊತ್ತ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗಿಂತ ಮನಸ್ಸನ್ನು ಕಲಕುವ ವಿಷಯ ಇನ್ನೊಂದಿದೆ: ಹೆಂಗಸಿನ ಕೆಲಸಕ್ಕೆ ಬೆಲೆಯಿದೆಯೆಂದು ಲೋಕ ಒಪ್ಪಿದ್ದು ಅದನ್ನು ಮಾಡುವ ಕೈ ಇಲ್ಲವಾದ ಬಳಿಕ. ಬದುಕಿರುವಾಗಲೇ ಆ ಬೆಲೆಯನ್ನು ಅರಿಯುವ ಕರ್ತವ್ಯ ನ್ಯಾಯಾಧೀಶರದಲ್ಲ, ನಮ್ಮದು.

ಆಸ್ತಿಯ ವಿಷಯದಲ್ಲಿಯೂ ಕಾನೂನು ನಮಗಿಂತ ಮುಂದೆ ಹೋಗಿದೆ. ಕರ್ನಾಟಕವು 1994ರಲ್ಲಿಯೇ ಹಿಂದೂ ಏಕತ್ರ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಸರ್ವೋಚ್ಚ ನ್ಯಾಯಾಲಯದ 2020ರ ಆಗಸ್ಟ್ 11ರ ತೀರ್ಪು ಈ ಹಕ್ಕು ಮಗಳಿಗೆ ಜನ್ಮದಿಂದಲೇ ಬಂದುದೆಂದು ಸಾರಿತು. ನಮ್ಮಲ್ಲಿ ನಡೆಯುವುದೇನು? ಹೊಲದ ಉತಾರದಲ್ಲಿ ಹೆಸರು ಹಚ್ಚುವ ಮುಂಚೆ ಅಕ್ಕತಂಗಿಯರನ್ನು ಕರೆಯಿಸಿ, ಹೊಸ ಸೀರೆ ಉಡಿಸಿ, ಹಕ್ಕು ಬಿಟ್ಟೆವೆಂಬ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ರೂಢಿ ಬೆಳೆದಿದೆ. “ಪಾಲ ಕೇಳಿದ್ರ ತವರಮನಿ ಬಾಗಲ ಮುಚ್ಚತೈತಿ” ಎಂಬ ಅಂಜಿಕೆಯಿಂದ ಅವರು ಸಹಿ ಮಾಡುತ್ತಾರೆ. ಪಂಚಮಿಗೆ ಉಂಡಿ ಕಟ್ಟಿ, ಜೋಕಾಲಿ ಹಾಕಿ ತಂಗಿಯನ್ನು ಕರೆಯುವ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಪ್ರೀತಿ ಒಂದು ಎಕರೆಯ ಭಾರಕ್ಕೆ ಮುರಿಯುವಂಥದಾಗಬಾರದೆಂದು ಹೇಳುತ್ತೇನೆ.

ಇಷ್ಟನ್ನು ವಿಚಾರಿಸಿದ ಮೇಲೆ, ಬೇರೆಯಾಗುವುದರ ಬಗೆಗಿನ ನಮ್ಮ ದುಃಖವನ್ನು ತುಸು ಪರೀಕ್ಷಿಸಬಹುದು. ಎರಡು ಒಲೆ ಹೂಡಿದ ಅಣ್ಣತಮ್ಮಂದಿರೆಲ್ಲ ವೈರಿಗಳಾಗಲಿಲ್ಲ. 2005ರಲ್ಲಿ ಹಾಗೂ 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆ ಮೀರಿ ಊರೊಳಗೆ ಬಂದಾಗ ಬೇರೆಯಾದ ಮನೆಗಳವರು ಎತ್ತರದ ಬಂಧುವಿನ ಮಾಳಿಗೆಯಲ್ಲಿಯೋ ಕಾಳಜಿ ಕೇಂದ್ರದಲ್ಲಿಯೋ ಒಂದೇ ಪಾತ್ರೆಯ ಅನ್ನ ಉಂಡರು, ಒಬ್ಬರ ದನವನ್ನು ಇನ್ನೊಬ್ಬರು ದಾಟಿಸಿದರು. ಒಂದೇ ಛಾವಣಿಯ ಕೆಳಗೆ ಮೂವತ್ತು ಮಂದಿ ಇದ್ದ ಮನೆಗಳಲ್ಲಿ ಮಾತಾಡದೆ ವರ್ಷ ಕಳೆದ ನೆಗೆಣ್ಣಿಯರೂ ಇದ್ದರು. ಚಿಕ್ಕ ಮನೆಗೆ ಅದರದೇ ಸಂಕಟಗಳುಂಟು. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಮುದಿ ತಂದೆತಾಯಿಗಳು ಮೊಬೈಲಿನ ಪರದೆಯಲ್ಲಿ ಮೊಮ್ಮಗನ ಮುಖ ಕಂಡು ತೃಪ್ತರಾಗಬೇಕು. ಮಿರಜದ ಆಸ್ಪತ್ರೆಗೆ ಕರೆದೊಯ್ಯಲು ನೆರೆಯವನನ್ನು ಬೇಡಬೇಕು. ಈ ಸಂಕಟಕ್ಕೆ ಪರಿಹಾರವಾಗಿ ಸೊಸೆಯೊಬ್ಬಳೇ ನೌಕರಿ ಬಿಟ್ಟು ಊರಿಗೆ ಬರಬೇಕೆನ್ನುವುದು ಹಳೆಯ ಪಂಕ್ತಿಯನ್ನೇ ಹೊಸ ರೀತಿಯಲ್ಲಿ ಹಾಕಿದಂತೆ. ಮುಪ್ಪಿನವರ ಸೇವೆ ಮಗನಿಗೂ ಮಗಳಿಗೂ ಸಮನಾದ ಋಣ.

ಪರಿಹಾರವನ್ನು ಹೊರಗಿನಿಂದ ತರಬೇಕಾದ ಪ್ರಮೇಯವಿಲ್ಲ. ಅದರ ಬೀಜ ನಮ್ಮಲ್ಲಿಯೇ ಇದೆ. ರಾತ್ರಿಭೋಜನವನ್ನು ತ್ಯಜಿಸಿದ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮುನ್ನ ಎಲ್ಲರ ಊಟವೂ ಮುಗಿಯಬೇಕು. ವ್ರತ ಅಡಿಗೆ ಮಾಡಿದವಳಿಗೂ ಅನ್ವಯಿಸುವುದರಿಂದ ಆಕೆಯ ಊಟವೂ ಬೆಳಕಿರುವಾಗಲೇ ಆಗಬೇಕು, ಆಕೆಗಾಗಿ ಇತರರು ಅವಸರ ಮಾಡಬೇಕು. ಅಹಿಂಸೆಗಾಗಿ ಹುಟ್ಟಿದ ನಿಯಮ ಅಡಿಗೆಮನೆಗೂ ಒಂದು ವೇಳೆಯನ್ನು ವಿಧಿಸಿತು. ಶರಣರ ಪರಂಪರೆಯಲ್ಲಿ ಕಾಯಕದೊಳಗೆ ಮೇಲುಕೀಳಿಲ್ಲ. ಹಾಗಾದರೆ ರೊಟ್ಟಿ ಬಡಿಯುವುದೂ ಕಾಯಕವೇ, ಅದನ್ನು ಗಂಡಸಿನ ಕೈ ಮಾಡಿದರೆ ಕುಲಕ್ಕೆ ಕುಂದಿಲ್ಲ. ದಾಸೋಹವೆಂದು ಮಠದಲ್ಲಿ ಸೌಟು ಹಿಡಿದು ಬಡಿಸುವ ಗಂಡಸು ಮನೆಯಲ್ಲಿ ನೀರಿನ ತಂಬಿಗೆಗೂ ಕೂಗು ಹಾಕುವುದು ಯಾವ ಧರ್ಮ?

ಆದುದರಿಂದ ನನ್ನ ಪ್ರಾರ್ಥನೆ ಮೂರು. ಮನೆಯಲ್ಲಿ ಒಂದೇ ಪಂಕ್ತಿಯಾಗಲಿ. ಎಲ್ಲವನ್ನೂ ನಡುವೆ ಇಟ್ಟುಕೊಂಡು, ಬೇಕಾದವರು ಬೇಕಾದುದನ್ನು ತಾವೇ ನೀಡಿಕೊಂಡು, ಅತ್ತೆ ಸೊಸೆ ಮಗ ಮೊಮ್ಮಗ ಕೂಡಿ ಉಣ್ಣಲಿ. ಗಂಡುಮಕ್ಕಳಿಗೆ ಹತ್ತು ವರ್ಷ ತುಂಬುವುದರೊಳಗೆ ಹಿಟ್ಟು ನಾದುವುದನ್ನೂ ಪಾತ್ರೆ ತೊಳೆಯುವುದನ್ನೂ ಅಕ್ಷರದಷ್ಟೇ ಶ್ರದ್ಧೆಯಿಂದ ಕಲಿಸಿರಿ. ಉತಾರದಲ್ಲಿ ಮಗಳ ಹೆಸರನ್ನೂ ಮನೆಯ ಕಾಗದದಲ್ಲಿ ಹೆಂಡತಿಯ ಹೆಸರನ್ನೂ ಅವರು ಬೇಡುವ ಮುಂಚೆಯೇ ಬರೆಯಿಸಿರಿ. ಇವು ಸಣ್ಣ ಮಾತುಗಳೆಂದು ತೋರಬಹುದು. ಕಾನೂನು ಹಣವನ್ನು ಖಾತೆಗೆ ಹಾಕಬಲ್ಲುದು, ಹಕ್ಕನ್ನು ಘೋಷಿಸಬಲ್ಲುದು. ಕಿರಿಯ ಸೊಸೆಯ ತಾಟಿಗೆ ಬಿಸಿ ರೊಟ್ಟಿಯನ್ನು ಹಾಕುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ, ನಮಗೆ ಮಾತ್ರ ಇದೆ. ಕೂಡಿ ಉಂಡವರು ನಾಳೆ ಬೇರೆ ಒಲೆ ಹೂಡಿದರೂ ಬಂಧುಗಳಾಗಿಯೇ ಉಳಿಯುವರು. ಬೇರೆ ಬೇರೆ ಪಂಕ್ತಿಗಳಲ್ಲಿ ಉಂಡವರನ್ನು ಒಂದೇ ಛಾವಣಿ ಎಷ್ಟು ದಿನ ಹಿಡಿದಿಟ್ಟೀತು? ಈ ಸುಧಾರಣೆಗೆ ಸಭೆ ಬೇಡ, ನಿಧಿ ಬೇಡ, ಮುಹೂರ್ತವೂ ಬೇಡ. ಇಂದು ರಾತ್ರಿ ನಿಮ್ಮ ನಿಮ್ಮ ಮನೆಗಳಲ್ಲಿಯೇ ಆರಂಭಿಸಿರಿ.